ಚೆಂಡಾಟವೂ ಜೀವಿಕೆಯೂ

“ಮೇಷ್ಟ್ರೇ, ಚೆಂಡು ಆಡ್ಕೊಂಡು ಸಂಸಾರ ಮಾಡೋಕಾಯ್ತದಾ?” ಎಂದು ಕ್ಯಾಸಂಬಳ್ಳಿಯ ಕಡೆಯ ರೈತರೊಬ್ಬರು ಈಚೆಗೆ ನನ್ನನ್ನು ಕೇಳಿದರು. ಅವರ ಮಗನು ಹದಿನೈದು ವರ್ಷದ ಹುಡುಗ. ವಯಸ್ಸಿಗೆ ಮೀರಿದ ಎತ್ತರದವನು. ಟೊಮ್ಯಾಟೊ ತೋಟಕ್ಕೆ ನೀರು ಹಾಯಿಸಿ ಮುಗಿಸಿದ ಕೂಡಲೇ ಸೈಕಲ್ಲನ್ನು ಹತ್ತಿ, ರಾಬರ್ಟ್‌ಸನ್‌ಪೇಟೆಯ ಕಡೆಗೆ, ಬ್ಯಾಸ್ಕೆಟ್‌ಬಾಲ್ ಆಡುವ ಗೆಳೆಯರಿರುವಲ್ಲಿಗೆ ಹೊರಟುಬಿಡುವವನು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬ ಗಾದೆಯನ್ನು ಹೇಳಿ ಅವರು ನಿಟ್ಟುಸಿರು ಬಿಟ್ಟರು. ಮಗನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಮಗನ ನಾಳೆಯನ್ನು ಕುರಿತು ಭಯವಿತ್ತು. ಆ ಕ್ಷಣದಲ್ಲಿ ನಾನು ಸಮಾಧಾನದ ಎರಡು ಮಾತುಗಳನ್ನಾಡಿ ಅವರನ್ನು ಕಳುಹಿಸಿಕೊಟ್ಟೆನಾದರೂ, ಆ ಪ್ರಶ್ನೆಯು ನನ್ನನ್ನು ಬಿಡಲಿಲ್ಲ. ಆಟವು ಒಂದು ಜೀವಿಕೆಯಾಗಬಲ್ಲುದೆ? ಆಗಬಲ್ಲುದಾದರೆ ಎಷ್ಟು ಕಾಲ? ಆ ಕಾಲವು ಮುಗಿದ ಮೇಲೆ ಆಡಿದವನ ಗತಿಯೇನು? ಇವುಗಳಿಗೆ ಉತ್ತರವನ್ನು ಹುಡುಕದೆ ಮಕ್ಕಳನ್ನು ಮೈದಾನಕ್ಕೆ ಕಳುಹುವುದು ಹೇಗೆ ಅವಿವೇಕವೋ, ಉತ್ತರವಿಲ್ಲವೆಂದು ಮೊದಲೇ ನಿರ್ಧರಿಸಿ ಅವರನ್ನು ಮೈದಾನದಿಂದ ಎಳೆದು ತರುವುದೂ ಹಾಗೆಯೇ ಅವಿವೇಕ.

ಈ ಪ್ರಶ್ನೆಯನ್ನು ವಿಚಾರಿಸುವುದಕ್ಕೆ ನಮ್ಮ ಕೋಲಾರ ಸೀಮೆಗಿಂತ ಯೋಗ್ಯವಾದ ಸ್ಥಳವು ಕರ್ನಾಟಕದಲ್ಲಿ ಬೇರೊಂದಿದೆಯೆಂದು ನನಗೆ ತೋರದು. ಒಂದು ಕಡೆ ಕೆ.ಜಿ.ಎಫ್. ಎಂಬ ಚಿನ್ನದ ಗಣಿಗಳ ಊರು, ಮತ್ತೊಂದು ಕಡೆ ಬಂಗಾರಪೇಟೆಯ ರೈಲು ಜಂಕ್ಷನ್, ನಡುವೆ ರಾಗಿ, ಟೊಮ್ಯಾಟೊ, ಹಿಪ್ಪುನೇರಳೆಗಳನ್ನು ಬೆಳೆಯುವ ಕೆಂಪು ನೆಲದ ಹಳ್ಳಿಗಳು. ಕನ್ನಡ, ತೆಲುಗು, ತಮಿಳುಗಳನ್ನು ಒಂದೇ ಉಸಿರಿನಲ್ಲಿ ಆಡುವ ಜನ. ಕ್ಯಾಸಂಬಳ್ಳಿಯ ಹೆಸರನ್ನು ನಾಡು ಬಲ್ಲುದು, ಏಕೆಂದರೆ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರವು ಸ್ಥಾಪಿತವಾದಾಗ, 1947ರ ಅಕ್ಟೋಬರ್ 25ರಂದು ಪ್ರಥಮ ಮುಖ್ಯಮಂತ್ರಿಯಾಗಿ ಅಧಿಕಾರವನ್ನು ವಹಿಸಿಕೊಂಡ ಕೆ. ಚೆಂಗಲರಾಯ ರೆಡ್ಡಿಯವರು ಹುಟ್ಟಿದ್ದು ಇಲ್ಲಿಯೇ, 1902ರಲ್ಲಿ. ಹಳ್ಳಿಯ ಹುಡುಗನೊಬ್ಬನು ರಾಜ್ಯದ ಅತ್ಯುನ್ನತ ಪೀಠದವರೆಗೆ ಏರಿದ ಕಥೆಯು ಈ ನೆಲದಲ್ಲಿ ಹೊಸದಲ್ಲ. ಹೊಸದಾಗಿರುವುದು, ಚೆಂಡನ್ನು ಕೈಯಲ್ಲಿ ಹಿಡಿದು ಏರುವ ದಾರಿ ಮಾತ್ರ.

ಗಣಿಯಿಂದ ನಾವು ಕಲಿಯಬೇಕಾಗಿರುವ ಪಾಠವೊಂದಿದೆ. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತೆಲ್ಲವೂ ಆ ಪಾಠದಲ್ಲಿ ಅಡಗಿದೆ. 1880ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಕಂಪನಿಯು ಗಣಿಕೆಲಸವನ್ನು ಕೈಗೆತ್ತಿಕೊಂಡಂದಿನಿಂದ ನೂರಿಪ್ಪತ್ತು ವರ್ಷಗಳ ಅವಧಿಯಲ್ಲಿ, ಸುಮಾರು 800 ಟನ್ ಚಿನ್ನವು ಈ ಭೂಗರ್ಭದಿಂದ ಹೊರಬಂದಿತು. ಚಾಂಪಿಯನ್ ರೀಫ್ ಗಣಿಯು ಮೂರು ಸಾವಿರ ಮೀಟರಿಗೂ ಮೀರಿ ಕೆಳಗಿಳಿದು, ಜಗತ್ತಿನ ಅತ್ಯಂತ ಆಳವಾದ ಗಣಿಗಳ ಸಾಲಿನಲ್ಲಿ ನಿಂತಿತು. ಆದರೆ ಅದಿರಿನಲ್ಲಿ ಚಿನ್ನದ ಅಂಶವು ವರ್ಷವರ್ಷಕ್ಕೂ ಕ್ಷೀಣಿಸುತ್ತ, ತೆಗೆಯುವ ವೆಚ್ಚವು ತೆಗೆದ ಚಿನ್ನದ ಬೆಲೆಯನ್ನು ಮೀರುತ್ತ ಬಂದುದನ್ನು ಎಲ್ಲರೂ ಕಣ್ಣಾರೆ ಕಾಣುತ್ತಿದ್ದರೂ, ಗಣಿಯು ಮುಚ್ಚಿದ ಮರುದಿನದ ಬದುಕನ್ನು ಯಾರೂ ಸಿದ್ಧಪಡಿಸಲಿಲ್ಲ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ತನ್ನ ಬಾಗಿಲನ್ನು ಹಾಕಿದಾಗ, ಸಾವಿರಾರು ಸಂಸಾರಗಳು ಕಾರ್ಮಿಕರ ಲೈನುಗಳ ಸಣ್ಣ ಮನೆಗಳಲ್ಲಿ ದಿಕ್ಕು ತೋಚದೆ ಉಳಿದುವು. ದೂಳನ್ನು ಸೇವಿಸಿ ಶ್ವಾಸಕೋಶವನ್ನು ಕೆಡಿಸಿಕೊಂಡಿದ್ದ ಹಿರಿಯರು ಮನೆಯ ಜಗಲಿಯ ಮೇಲೆ ಕುಳಿತರು. ಕಿರಿಯರು ಮಾರಿಕುಪ್ಪಂನಿಂದ ಹೊರಡುವ ಮುಂಜಾನೆಯ ರೈಲನ್ನು ಹತ್ತಿ, ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗಿ, ರಾತ್ರಿ ಮರಳುವ ಬದುಕಿಗೆ ಒಗ್ಗಿಕೊಂಡರು. ಇಂದಿಗೂ ಆ ರೈಲು ತುಂಬಿಯೇ ಹೋಗುತ್ತದೆ.

ಕ್ರೀಡಾಪಟುವಿನ ದೇಹವೂ ಒಂದು ಗಣಿಯೇ ಸರಿ. ಅದರ ನಿಕ್ಷೇಪವು ಮಿತವಾದುದು; ತೆಗೆಯುವ ಕಾಲವು ಅಲ್ಪವಾದುದು. ಚಿನ್ನವಿರುವಷ್ಟು ದಿನ ಸುತ್ತಲೂ ಜನಸಂದಣಿ, ದೀಪಾಲಂಕಾರ, ವಾದ್ಯಘೋಷ; ಮುಗಿದ ಮೇಲೆ ನಿಶ್ಶಬ್ದ. ಅಂತ್ಯವು ಬಂದೇ ಬರುವುದೆಂಬುದನ್ನು ಮೊದಲ ದಿನವೇ ನೆನೆದು, ಅದಕ್ಕೆ ತಕ್ಕ ವ್ಯವಸ್ಥೆಯನ್ನು ಆಗಲೇ ಮಾಡತಕ್ಕದ್ದು ಧರ್ಮ. ಗಣಿಯ ವಿಷಯದಲ್ಲಿ ಆ ಧರ್ಮವನ್ನು ನಾವು ಪಾಲಿಸಲಿಲ್ಲ. ಆಟಗಾರರ ವಿಷಯದಲ್ಲಿಯಾದರೂ ಪಾಲಿಸೋಣವೆಂಬುದು ನನ್ನ ಪ್ರಾರ್ಥನೆ.

ಬ್ಯಾಸ್ಕೆಟ್‌ಬಾಲ್ ಆಟದ ಹುಟ್ಟು ಅತ್ಯಂತ ಸರಳವಾದುದು. 1891ರ ಡಿಸೆಂಬರಿನಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ, ಹಿಮದ ದಿನಗಳಲ್ಲಿ ಹೊರಗೆ ಆಡಲಾರದೆ ಚಡಪಡಿಸುತ್ತಿದ್ದ ತರುಣರಿಗೆ ಒಳಗೆ ಆಡಬಹುದಾದ ಆಟವೊಂದನ್ನು ಕಲ್ಪಿಸಬೇಕಾಗಿ ಬಂದಾಗ, ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯನು ಹದಿಮೂರು ನಿಯಮಗಳನ್ನು ಬರೆದು, ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಂತಸ್ತಿನ ಕಟಕಟೆಗೆ ಕಟ್ಟಿಸಿದನು. ಆ ಕಟಕಟೆಯು ನೆಲದಿಂದ ಹತ್ತು ಅಡಿ ಎತ್ತರದಲ್ಲಿದ್ದುದೇ ಕಾರಣವಾಗಿ, ಇಂದಿಗೂ ಜಗತ್ತಿನ ಎಲ್ಲ ಅಂಕಣಗಳಲ್ಲಿಯೂ ರಿಂಗು ಹತ್ತು ಅಡಿ ಎತ್ತರದಲ್ಲಿಯೇ ನಿಂತಿದೆ. ಅದೇ ವೈ.ಎಂ.ಸಿ.ಎ. ಸಂಸ್ಥೆಯ ಹ್ಯಾರಿ ಕ್ರೋ ಬಕ್ ಅವರು 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣದ ಕಾಲೇಜನ್ನು ಸ್ಥಾಪಿಸಿದರು; ಅಲ್ಲಿ ಶಿಕ್ಷಿತರಾದ ಉಪಾಧ್ಯಾಯರ ಮೂಲಕ ಇಂಥ ಹೊಸ ಆಟಗಳು ದಕ್ಷಿಣ ಭಾರತದ ಶಾಲೆಗಳ ಅಂಗಳವನ್ನು ಸೇರಿದುವು. 1934ರಲ್ಲಿ ದೆಹಲಿಯಲ್ಲಿ ಪ್ರಥಮ ರಾಷ್ಟ್ರೀಯ ಪಂದ್ಯಾವಳಿಯು ನಡೆಯಿತು. 1950ರಲ್ಲಿ ಭಾರತದ ಬ್ಯಾಸ್ಕೆಟ್‌ಬಾಲ್ ಫೆಡರೇಷನ್ ಸ್ಥಾಪಿತವಾಯಿತು. ಎಂದರೆ, ಈ ಆಟವು ನಮ್ಮ ದೇಶಕ್ಕೆ ಹೊಸದಲ್ಲ. ಈ ಆಟದಿಂದ ಬದುಕಬಹುದೆಂಬ ಕಲ್ಪನೆಯು ಮಾತ್ರ ಹೊಸದು.

ಆ ಕಲ್ಪನೆಯ ಶಿಖರವು ಅಮೆರಿಕದ ಎನ್.ಬಿ.ಎ. ಎಂಬ ವೃತ್ತಿಪರ ಲೀಗು. ಇಂದು ಕೈಯಲ್ಲಿ ಮೊಬೈಲ್ ಇರುವ ಪ್ರತಿಯೊಬ್ಬ ಹುಡುಗನೂ ಅಲ್ಲಿಯ ಆಟವನ್ನು ನೋಡುತ್ತಾನೆ. ಅಲ್ಲಿಯ ಆಟಗಾರರ ಕೋಟ್ಯಂತರ ಡಾಲರುಗಳ ಸಂಬಳವನ್ನು ಬಾಯಿಪಾಠವಾಗಿ ಒಪ್ಪಿಸುತ್ತಾನೆ. ಆದರೆ ಆ ಶಿಖರದ ತುದಿಯು ಎಷ್ಟು ಚೂಪಾದುದೆಂಬುದನ್ನು ಯಾರೂ ಅವನಿಗೆ ಹೇಳುವುದಿಲ್ಲ. ಅಲ್ಲಿ ಇರುವುದು ಮೂವತ್ತು ತಂಡಗಳು. ತಂಡಕ್ಕೆ ಹದಿನೈದು ಮಂದಿಯಂತೆ ಪೂರ್ಣ ಒಪ್ಪಂದವುಳ್ಳವರ ಸ್ಥಾನಗಳು ಒಟ್ಟಿಗೆ 450. ನಮ್ಮ ಕಡೆಯ ಒಂದು ದೊಡ್ಡ ಪ್ರೌಢಶಾಲೆಯ ಮಕ್ಕಳ ಸಂಖ್ಯೆಗಿಂತ ಅದು ಹೆಚ್ಚೇನಲ್ಲ. ಆ ಸ್ಥಾನಗಳಿಗಾಗಿ ಭೂಮಂಡಲದ ಸಮಸ್ತ ದೇಶಗಳ ತರುಣರೂ ಸ್ಪರ್ಧಿಸುತ್ತಾರೆ.

ಈ ಶಿಖರದ ಸಮೀಪಕ್ಕೆ ಹೋದ ನಮ್ಮ ದೇಶದ ಯುವಕನ ಕಥೆಯನ್ನು ಪ್ರತಿಯೊಬ್ಬ ತಂದೆಯೂ ಮಗನೂ ಜೊತೆಯಾಗಿ ಕುಳಿತು ಕೇಳಬೇಕು. ಪಂಜಾಬಿನ ಬರ್ನಾಲಾ ಜಿಲ್ಲೆಯ ಬಲ್ಲೋಕೆ ಎಂಬ ಹಳ್ಳಿಯ ರೈತ ಕುಟುಂಬದ ಸತ್ನಾಮ್ ಸಿಂಗ್ ಭಾಮರಾ, ಬಾಲ್ಯದಲ್ಲಿಯೇ ಲೂಧಿಯಾನಾದ ಅಕಾಡೆಮಿಯನ್ನು ಸೇರಿ, 2010ರಲ್ಲಿ ಇಂಗ್ಲಿಷಿನ ಪರಿಚಯವೂ ಸರಿಯಾಗಿ ಇಲ್ಲದ ವಯಸ್ಸಿನಲ್ಲಿ ಅಮೆರಿಕದ ಫ್ಲೋರಿಡಾಕ್ಕೆ ಹೋದನು. ಏಳು ಅಡಿ ಎರಡಂಗುಲ ಎತ್ತರದ ಆ ತರುಣನನ್ನು 2015ರ ಆಯ್ಕೆಯಲ್ಲಿ ಡಲ್ಲಾಸ್ ಮಾವೆರಿಕ್ಸ್ ತಂಡವು 52ನೆಯವನಾಗಿ ಆರಿಸಿಕೊಂಡಾಗ, ಭಾರತದಲ್ಲಿ ಹುಟ್ಟಿ ಬೆಳೆದವನೊಬ್ಬನು ಎನ್.ಬಿ.ಎ. ತಂಡವೊಂದಕ್ಕೆ ಆಯ್ಕೆಯಾದುದು ಅದೇ ಮೊದಲು. ದೇಶವೆಲ್ಲ ಸಂತೋಷಪಟ್ಟಿತು. ಆದರೆ ಆಯ್ಕೆಯೇ ಬೇರೆ, ಅಂಕಣವೇ ಬೇರೆ. ಸತ್ನಾಮ್ ಆ ಮಹಾಲೀಗಿನ ಒಂದೇ ಒಂದು ಪಂದ್ಯದಲ್ಲಿಯೂ ಆಡಲಿಲ್ಲ. ಅದರ ಕೆಳಗಿನ ಲೀಗಿನ ಟೆಕ್ಸಾಸ್ ಲೆಜೆಂಡ್ಸ್ ತಂಡದಲ್ಲಿ ಎರಡು ಋತುಗಳು, ಅನಂತರ ಕೆನಡಾದ ಲೀಗಿನಲ್ಲಿ ಕೆಲಕಾಲ. ನಿಷೇಧಿತ ಪದಾರ್ಥದ ಪರೀಕ್ಷೆಯಲ್ಲಿ ಸಿಕ್ಕಿದುದಕ್ಕಾಗಿ 2020ರಲ್ಲಿ ಎರಡು ವರ್ಷಗಳ ನಿಷೇಧವು ಘೋಷಿತವಾಯಿತು. ಆಮೇಲೆ ಅವನು ಅಮೆರಿಕದ ವೃತ್ತಿ ಕುಸ್ತಿಯ ರಂಗವನ್ನು ಪ್ರವೇಶಿಸಿದನು. ಇದನ್ನು ಸೋಲಿನ ಕಥೆಯೆನ್ನಲು ನನಗೆ ಮನಸ್ಸೊಪ್ಪದು. ಬಲ್ಲೋಕೆಯಿಂದ ಅಲ್ಲಿಯವರೆಗೆ ನಡೆದವನ ಪರಿಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಕೋಟಿಗೊಬ್ಬನಿಗೆ ದೊರೆಯುವ ದೇಹವೂ, ಪರದೇಶದ ಶಿಕ್ಷಣವೂ, ಅಸಾಧಾರಣವಾದ ಛಲವೂ ಒಂದೆಡೆಯಲ್ಲಿ ಕೂಡಿ ಬಂದರೂ, ಇಪ್ಪತ್ತೈದನೆಯ ವಯಸ್ಸಿಗೆ ಬರುವಷ್ಟರಲ್ಲಿ ಆ ದಾರಿಯು ಮುಗಿದುಹೋಗಬಹುದೆಂಬ ಸತ್ಯವನ್ನು ಈ ಕಥೆಯು ನಮ್ಮ ಮುಂದೆ ಇಡುತ್ತದೆ.

ಆ ಶಿಖರವನ್ನು ನಿಜವಾಗಿ ಏರಿ ನಿಂತವರ ಕಾಲವಾದರೂ ದೀರ್ಘವೆ? ಚೀನಾದ ಯಾವೊ ಮಿಂಗ್ 2002ರಲ್ಲಿ ಎಲ್ಲರಿಗಿಂತ ಮೊದಲನೆಯವನಾಗಿ ಆಯ್ಕೆಯಾಗಿ, ಏಷ್ಯಾ ಖಂಡಕ್ಕೇ ಹೆಮ್ಮೆಯನ್ನು ತಂದವನು. ಪಾದದ ಮೂಳೆಯು ಮತ್ತೆ ಮತ್ತೆ ಮುರಿದು, 2011ರಲ್ಲಿ, ಮೂವತ್ತೊಂದು ತುಂಬುವುದಕ್ಕೆ ಮುಂಚೆಯೇ ನಿವೃತ್ತನಾದನು. ಈ ಆಟದ ಸ್ವಭಾವವೇ ಹಾಗೆ. ಓಡುತ್ತಿದ್ದವನು ಥಟ್ಟನೆ ನಿಲ್ಲಬೇಕು, ನಿಂತವನು ಒಡನೆಯೇ ನೆಗೆಯಬೇಕು, ನೆಗೆದವನು ಪರರ ಕಾಲುಗಳ ನಡುವೆ ಗಟ್ಟಿ ನೆಲದ ಮೇಲೆ ಇಳಿಯಬೇಕು. ಮಂಡಿ ಮತ್ತು ಕಾಲಿನ ಗಿಣ್ಣುಗಳು ಆ ಭಾರವನ್ನು ಎಷ್ಟು ವರ್ಷ ಹೊತ್ತಾವು? ನಮ್ಮ ಪಟ್ಟಣಗಳಲ್ಲಿ ಮರದ ಹಾಸಿಲ್ಲದ ಸಿಮೆಂಟಿನ ಅಂಕಣಗಳ ಮೇಲೆ, ಅಟ್ಟೆ ಸವೆದ ಬೂಟುಗಳಲ್ಲಿ ಆಡುವ ಮಕ್ಕಳ ಕೀಲುಗಳಂತೂ ಇನ್ನೂ ಬೇಗನೆ ಸವೆಯುತ್ತವೆ. ವಕೀಲನೋ ವೈದ್ಯನೋ ತನ್ನ ವೃತ್ತಿಯಲ್ಲಿ ಪಕ್ವತೆಯನ್ನು ಪಡೆಯಲು ತೊಡಗುವ ವಯಸ್ಸಿನಲ್ಲಿ, ಆಟಗಾರನು ತನ್ನ ವೃತ್ತಿಗೆ ನಮಸ್ಕಾರ ಹೇಳಬೇಕಾಗುತ್ತದೆ.

ಹಾಗಾದರೆ ನಮ್ಮ ದೇಶದಲ್ಲಿ ಇಷ್ಟು ಕಾಲ ಬ್ಯಾಸ್ಕೆಟ್‌ಬಾಲ್ ಆಟಗಾರರು ಬದುಕಿದ್ದು ಹೇಗೆ? ಇದಕ್ಕೆ ಉತ್ತರವು ಒಂದೇ ಮಾತು: ನೌಕರಿ. ರೈಲ್ವೆ, ಸೈನ್ಯ, ಪೊಲೀಸು, ಬ್ಯಾಂಕು, ಸರ್ಕಾರಿ ಕಾರ್ಖಾನೆಗಳು ತಮ್ಮ ತಮ್ಮ ತಂಡಗಳನ್ನು ಕಟ್ಟಿ, ಆಟಗಾರರನ್ನು ಸ್ಪೋರ್ಟ್ಸ್ ಕೋಟಾದಲ್ಲಿ ನೇಮಿಸಿಕೊಂಡು, ಆಡುವವರೆಗೆ ಆಡಿಸಿ, ಆಟ ಮುಗಿದ ಮೇಲೆ ಕಚೇರಿಯ ಕುರ್ಚಿಯಲ್ಲಿ ಕೂರಿಸಿದುವು. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ರಿಂಗ್‌ವುಡ್ ಹಾಕ್ಸ್ ತಂಡಕ್ಕೆ ಆಡಿ ಬಂದವರು, 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ತಂಡಗಳು ನಡೆಸಿದ ಪರೀಕ್ಷೆಗೂ ಹೋದವರು, 2014ರ ಅರ್ಜುನ ಪ್ರಶಸ್ತಿಗೆ ಪಾತ್ರರಾದವರು. ಅವರ ಮನೆಯ ಒಲೆಯನ್ನು ಉರಿಸಿದುದು ದಕ್ಷಿಣ ರೈಲ್ವೆಯ ಸಂಬಳ. ವಾರಾಣಸಿಯ ವಿಶೇಷ್ ಭೃಗುವಂಶಿ ಭಾರತ ತಂಡದ ನಾಯಕರಾದವರು, 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ತಂಡದಿಂದ ಕರೆ ಪಡೆದವರು, 2020ರ ಅರ್ಜುನ ಪ್ರಶಸ್ತಿಯನ್ನು ಪಡೆದವರು. ಅವರಿಗೆ ಆಧಾರವಾಗಿ ನಿಂತುದು ತೈಲ ಮತ್ತು ನೈಸರ್ಗಿಕ ಅನಿಲ ನಿಗಮ. ನಮ್ಮ ಬೆಂಗಳೂರಿನಲ್ಲಿ ವಿಜಯಾ ಬ್ಯಾಂಕಿನ ತಂಡವು ಹಲವು ದಶಕಗಳ ಕಾಲ ರಾಜ್ಯದ ಆಟಗಾರರಿಗೆ ಮನೆಯಾಗಿದ್ದುದನ್ನು ಈ ಆಟವನ್ನು ಬಲ್ಲವರೆಲ್ಲರೂ ಬಲ್ಲರು. ಹೈಸ್ಕೂಲಿನಲ್ಲಿ ಚೆಂಡು ಹಿಡಿದ ಹುಡುಗನು ಬೀಗಲ್ಸ್, ಮೌಂಟ್ಸ್ ಮೊದಲಾದ ಕ್ಲಬ್ಬುಗಳಲ್ಲಿ ಪಳಗಿ, ರಾಜ್ಯ ತಂಡವನ್ನು ಸೇರಿ, ಕಡೆಗೆ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ನೆಲೆ ಕಂಡನೆಂದರೆ, ಮನೆಯವರು ದೇವರಿಗೆ ಹಣ್ಣುಕಾಯಿ ಮಾಡಿಸುತ್ತಿದ್ದರು.

ಈ ನೌಕರಿಯ ದಾರಿಯನ್ನು ಹೀನವೆಂದು ಕಾಣುವವರು ಈಚೆಗೆ ಹೆಚ್ಚಾಗಿದ್ದಾರೆ. ಗುಮಾಸ್ತೆಯ ಹುದ್ದೆಗಾಗಿ ಆಡುವವನು ಹೃದಯಪೂರ್ವಕವಾಗಿ ಆಡುವುದಿಲ್ಲ, ಹುದ್ದೆ ದೊರೆತೊಡನೆಯೇ ಅಭ್ಯಾಸವನ್ನು ಸಡಿಲಿಸುತ್ತಾನೆ, ಆದಕಾರಣವೇ ಭಾರತವು ಏಷ್ಯಾದ ಮೇಲ್ಪಂಕ್ತಿಗೆ ಏರಲಿಲ್ಲ ಎಂಬುದು ಅವರ ವಾದ. ಈ ವಾದದಲ್ಲಿ ಸತ್ಯದ ಅಂಶವಿಲ್ಲದೆ ಇಲ್ಲ. ಆದರೆ ಈ ವಾದವನ್ನು ಹೂಡುವವರು ಅಮೆರಿಕದ ಚರಿತ್ರೆಯನ್ನು ಅರ್ಧ ಮಾತ್ರ ಓದಿದ್ದಾರೆ. ಅಲ್ಲಿಯೂ ಒಂದು ಕಾಲದಲ್ಲಿ ದೊಡ್ಡ ಕಂಪನಿಗಳು ಆಟಗಾರರನ್ನು ನೌಕರರನ್ನಾಗಿ ನೇಮಿಸಿಕೊಂಡು ತಂಡಗಳನ್ನು ಕಟ್ಟಿದ್ದುವು. ಏಳು ಅಡಿ ಎತ್ತರದ ಬಾಬ್ ಕರ್ಲಂಡ್, ತನ್ನ ಕಾಲದ ಅಗ್ರಗಣ್ಯ ಆಟಗಾರರಲ್ಲಿ ಒಬ್ಬನು, ವೃತ್ತಿಪರ ಲೀಗಿನ ಕರೆಯನ್ನು ನಿರಾಕರಿಸಿ, ಓಕ್ಲಹೋಮಾ ರಾಜ್ಯದ ಫಿಲಿಪ್ಸ್ ಪೆಟ್ರೋಲಿಯಂ ಕಂಪನಿಯ ಕೆಲಸವನ್ನು ಆರಿಸಿಕೊಂಡನು. ಆ ಕಂಪನಿಯ ತಂಡಕ್ಕೆ ಆಡುತ್ತಲೇ 1948 ಮತ್ತು 1952ರ ಒಲಿಂಪಿಕ್ ಕ್ರೀಡೆಗಳಲ್ಲಿ ದೇಶಕ್ಕಾಗಿ ಎರಡು ಚಿನ್ನದ ಪದಕಗಳನ್ನು ಗೆದ್ದನು. ಆಟವನ್ನು ಬಿಟ್ಟ ಮೇಲೆ ಅದೇ ಕಂಪನಿಯಲ್ಲಿ ಉನ್ನತ ಅಧಿಕಾರಿಯಾಗಿ ನಿವೃತ್ತನಾದನು. ಅವನ ಪದಕಗಳು ನೌಕರಿಯ ಕಾರಣದಿಂದ ಮಾಸಲಿಲ್ಲ. ನಾಳೆಯ ಅನ್ನವು ನಿಶ್ಚಿತವಾಗಿದ್ದುದರಿಂದಲೇ ಅವನು ಇಂದಿನ ಆಟದಲ್ಲಿ ಮನಸ್ಸಿಡಬಲ್ಲವನಾದನೆಂದು ನಾನು ಭಾವಿಸುತ್ತೇನೆ.

ಎನ್.ಬಿ.ಎ.ಯ ಆಟಗಾರರಿಗೆ ಇಂದು ಇರುವ ಭದ್ರತೆಯಾದರೂ ಮಾಲೀಕರು ಔದಾರ್ಯದಿಂದ ಕೊಟ್ಟುದಲ್ಲ. ಆರಂಭದ ದಿನಗಳಲ್ಲಿ ಅಲ್ಲಿಯ ಪ್ರಸಿದ್ಧ ಆಟಗಾರರು ಸಹ ಬೇಸಗೆಯ ಬಿಡುವಿನಲ್ಲಿ ಬೇರೆ ಬೇರೆ ಕೆಲಸಗಳನ್ನು ಮಾಡಿ ಸಂಸಾರವನ್ನು ತೂಗಿಸುತ್ತಿದ್ದರು. 1954ರಲ್ಲಿ ಅವರು ಸಂಘವೊಂದನ್ನು ಕಟ್ಟಿಕೊಂಡರು. ಹತ್ತು ವರ್ಷಗಳವರೆಗೆ ಅವರ ಬೇಡಿಕೆಗಳಿಗೆ ಮಾಲೀಕರು ಕಿವಿಗೊಡಲಿಲ್ಲ. 1964ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ, ದೇಶದ ಅತ್ಯುತ್ತಮ ಆಟಗಾರರ ವಾರ್ಷಿಕ ಪಂದ್ಯವು ದೂರದರ್ಶನದಲ್ಲಿ ದೇಶಾದ್ಯಂತ ಪ್ರಸಾರವಾಗಲಿದ್ದ ಸಂಜೆ, ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರ್ರಿ ವೆಸ್ಟ್ ಮೊದಲಾದ ದಿಗ್ಗಜಗಳು ಕೊಠಡಿಯ ಬಾಗಿಲನ್ನು ಮುಚ್ಚಿಕೊಂಡು, ಪಿಂಚಣಿಯ ವಿಷಯದಲ್ಲಿ ಭರವಸೆಯು ದೊರೆಯುವವರೆಗೂ ಅಂಕಣಕ್ಕೆ ಇಳಿಯುವುದಿಲ್ಲವೆಂದು ಕುಳಿತರು. ಭರವಸೆಯು ದೊರೆಯಿತು, ಪಂದ್ಯವು ನಡೆಯಿತು. ಇಂದು ಅಲ್ಲಿ ಮೂರು ಋತುಗಳ ಸೇವೆಯನ್ನು ಪೂರೈಸಿದ ಆಟಗಾರನು ಪಿಂಚಣಿಗೆ ಅರ್ಹನಾಗುತ್ತಾನೆ. 1930ರಲ್ಲಿ ತಮ್ಮ ಮಾನಕ್ಕಾಗಿ ಗಣಿಗೆ ಇಳಿಯದೆ ಮುಷ್ಕರ ಹೂಡಿದ ಕೋಲಾರದ ಕಾರ್ಮಿಕರ ಮೊಮ್ಮಕ್ಕಳಿಗೆ ಈ ಪ್ರಸಂಗದ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ದೇಶದ ಇಂದಿನ ಸ್ಥಿತಿಯನ್ನು ನೋಡೋಣ. ಒಂದು ಕಡೆಯಲ್ಲಿ ನೌಕರಿಯ ಹಳೆಯ ಮನೆಯು ಕುಸಿಯುತ್ತಿದೆ; ಮತ್ತೊಂದು ಕಡೆಯಲ್ಲಿ ಲೀಗಿನ ಹೊಸ ಮನೆಯು ಇನ್ನೂ ಗೋಡೆಯ ಮಟ್ಟವನ್ನು ದಾಟಿಲ್ಲ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಹೆಸರು ಫಲಕಗಳಿಂದ ಮರೆಯಾಯಿತು. ಸಾರ್ವಜನಿಕ ಉದ್ಯಮಗಳು ಸಂಕುಚಿತವಾಗುತ್ತ ಹೋದಂತೆ, ಆಟಗಾರರಿಗೆಂದು ಮೀಸಲಾಗಿದ್ದ ಸ್ಥಾನಗಳಿಗೂ ಭರವಸೆಯು ಕುಂದುತ್ತಿದೆ. ಇತ್ತ 2015ರಲ್ಲಿ ಯು.ಬಿ.ಎ. ಎಂಬ ಖಾಸಗಿ ಲೀಗೊಂದು ಪ್ರಾರಂಭವಾಗಿ, ಅದರಲ್ಲಿ ಬೆಂಗಳೂರಿನ ತಂಡವೂ ಇದ್ದು, ಎರಡು ವರ್ಷಗಳ ಬಳಿಕ ನಿಂತುಹೋಯಿತು. 2022ರಲ್ಲಿ ಫೆಡರೇಷನ್ನಿನ ಆಶ್ರಯದಲ್ಲಿ ಐ.ಎನ್.ಬಿ.ಎಲ್. ಎಂಬ ರಾಷ್ಟ್ರೀಯ ಲೀಗು ಆರಂಭವಾಗಿದೆ. ಅದು ಬೆಳೆಯಲೆಂದು ಹಾರೈಸೋಣ. ಆದರೆ ವರ್ಷದಲ್ಲಿ ಕೆಲವೇ ವಾರಗಳ ಲೀಗಿನ ಸಂಭಾವನೆಯನ್ನು ನಂಬಿ ಹನ್ನೆರಡು ತಿಂಗಳ ಸಂಸಾರವನ್ನು ನಡೆಸಲಾಗದು. ಹಳೆಯ ಮನೆಯನ್ನು ಕೆಡವುವ ಮುನ್ನ ಹೊಸ ಮನೆಗೆ ಹೊದಿಕೆಯನ್ನಾದರೂ ಹಾಕತಕ್ಕದ್ದು.

ಇವೆರಡರ ಮಧ್ಯೆ ಮೂರನೆಯ ದಾರಿಯೊಂದು ಕಾಣಿಸಿದೆ. ಅದನ್ನು ನಮಗೆ ತೋರಿಸಿದವಳು ಬೆಂಗಳೂರಿನ ಹುಡುಗಿ. ಸಂಜನಾ ರಮೇಶ್ ರಾಜ್ಯದ ತಂಡದಲ್ಲಿಯೂ ಭಾರತದ ಕಿರಿಯರ ತಂಡದಲ್ಲಿಯೂ ಆಡಿ, 2019ರಲ್ಲಿ ಅಮೆರಿಕದ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯವನ್ನು ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಸೇರಿ, ಅಲ್ಲಿಯ ಕಾಲೇಜು ಕ್ರೀಡೆಯ ಅತ್ಯುನ್ನತ ಶ್ರೇಣಿಯಲ್ಲಿ ಆಡಿದಳು. ಇದರ ಮಹತ್ತ್ವವು ಪರದೇಶಕ್ಕೆ ಹೋದುದರಲ್ಲಿಲ್ಲ. ಆಟವು ವಿದ್ಯೆಯ ಶತ್ರುವೆಂದು ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತನ್ನು ಅದು ಸುಳ್ಳು ಮಾಡಿತು. ಚೆಂಡೇ ವಿದ್ಯೆಯ ಶುಲ್ಕವನ್ನು ತೆತ್ತಿತು. ಮಂಡಿಯು ನಾಳೆ ಕೈಕೊಟ್ಟರೂ ಕೈಯಲ್ಲಿ ಪದವಿಯು ಉಳಿಯುತ್ತದೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳೂ ಖಾಸಗಿ ಕಾಲೇಜುಗಳೂ ಈ ಮಾದರಿಯನ್ನು ಇಲ್ಲಿಯೇ ಏಕೆ ಸ್ಥಾಪಿಸಬಾರದು? ಹಾಜರಿ ಕಡಿಮೆಯಾಯಿತೆಂದು ಆಟಗಾರನನ್ನು ಪರೀಕ್ಷೆಗೆ ಕೂರಿಸದೆ, ಅದೇ ಆಟಗಾರನು ಕಪ್ಪನ್ನು ತಂದ ದಿನ ಅವನೊಡನೆ ಭಾವಚಿತ್ರ ತೆಗೆಸಿಕೊಳ್ಳುವ ಪದ್ಧತಿಯು ಯಾವ ಕಾಲೇಜಿಗೂ ಭೂಷಣವಲ್ಲ.

ಹೆಣ್ಣುಮಕ್ಕಳ ಮಾತು ಬಂದುದರಿಂದ ಇನ್ನೂ ಒಂದನ್ನು ಹೇಳಬೇಕು. 2017ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆದ ಏಷ್ಯಾ ಕಪ್ಪಿನ ದ್ವಿತೀಯ ಶ್ರೇಣಿಯ ಅಂತಿಮ ಪಂದ್ಯದಲ್ಲಿ, ಭಾರತದ ವನಿತೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ಶ್ರೇಣಿಗೆ ಏರಿದರು. ಮಂಡ್ಯದ ಕ್ರೀಡಾ ವಸತಿನಿಲಯದಿಂದ ಬಂದ ಹುಡುಗಿಯರ ತಂಡವು ನಮ್ಮ ರಾಜ್ಯದ ಪಂದ್ಯಾವಳಿಗಳಲ್ಲಿ ಹೆಸರು ಮಾಡಿದೆ. ಕಬ್ಬಿನ ಗದ್ದೆಯ ನಾಡಿನ ಹೆಣ್ಣುಮಕ್ಕಳಿಗೆ ಸಾಧ್ಯವಾದುದು ರಾಗಿಯ ಹೊಲದ ನಾಡಿನ ಹೆಣ್ಣುಮಕ್ಕಳಿಗೆ ಅಸಾಧ್ಯವಾಗಲು ಕಾರಣವೇ ಇಲ್ಲ. ಎತ್ತರವಾಗಿ ಬೆಳೆದ ಹೆಣ್ಣುಮಗುವನ್ನು, ವರ ಸಿಕ್ಕುವುದು ಕಷ್ಟವೆಂದು ಬೆನ್ನು ಬಾಗಿಸಿ ನಡೆಯಹೇಳುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅಂಥ ಮಗುವಿಗೆ ತಲೆಯೆತ್ತಿ ನಿಲ್ಲುವುದನ್ನು ಕಲಿಸುವ ಆಟವಿದು. ಎತ್ತರವಿಲ್ಲದವರಿಗೂ ಇಲ್ಲಿ ಬಾಗಿಲು ಮುಚ್ಚಿಲ್ಲ. ಐದು ಅಡಿ ಮೂರಂಗುಲದ ಮಗ್ಸಿ ಬೋಗ್ಸ್ ಎಂಬವನು ಎನ್.ಬಿ.ಎ.ಯ ದೈತ್ಯರ ನಡುವೆ ಹದಿನಾಲ್ಕು ಋತುಗಳ ಕಾಲ ಆಡಿದ್ದಾನೆ.

ಆದ್ದರಿಂದ ನಾನು ಕೇಳುವುದು ದೊಡ್ಡ ಕ್ರೀಡಾಂಗಣವನ್ನಲ್ಲ. ಮೂರು ಮೂರು ಮಂದಿ ಆಡುವ ಹೊಸ ಪ್ರಕಾರವು ಟೋಕಿಯೋ ಒಲಿಂಪಿಕ್ಸಿನಿಂದ ಈಚೆಗೆ ಒಲಿಂಪಿಕ್ ಮರ್ಯಾದೆಯನ್ನೇ ಪಡೆದಿದೆ. ಅದಕ್ಕೆ ಬೇಕಾದುದು ಹದಿನೈದು ಮೀಟರ್ ಅಗಲ, ಹನ್ನೊಂದು ಮೀಟರ್ ಉದ್ದದ ನೆಲ, ಒಂದು ಕಂಬ, ಒಂದು ರಿಂಗು. ರಾಗಿ ಒಕ್ಕುವ ಒಂದು ಕಣದಷ್ಟು ಜಾಗ. ಕ್ಯಾಸಂಬಳ್ಳಿಯ ಹೋಬಳಿಯಲ್ಲಿ, ಬಂಗಾರಪೇಟೆಯಲ್ಲಿ, ಗಣಿಯ ಲೈನುಗಳ ನಡುವೆ ಇಂಥ ಅಂಕಣಗಳನ್ನು ನಿರ್ಮಿಸುವುದು ಪಂಚಾಯಿತಿ ಮತ್ತು ನಗರಸಭೆಗಳ ಶಕ್ತಿಗೆ ಮೀರಿದುದಲ್ಲ. ಎರಡನೆಯದಾಗಿ, ಶಾಲೆಗಳಲ್ಲಿ ಖಾಲಿ ಉಳಿದಿರುವ ಪಿ.ಟಿ. ಮೇಷ್ಟ್ರುಗಳ ಸ್ಥಾನಗಳನ್ನು ತುಂಬಬೇಕು. ನಿವೃತ್ತರಾದ ಆಟಗಾರರನ್ನೇ ಅಲ್ಲಿ ತರಬೇತುದಾರರನ್ನಾಗಿ ನೇಮಿಸಿದರೆ, ಮಕ್ಕಳಿಗೆ ಗುರುವೂ ಆಟಗಾರನಿಗೆ ಎರಡನೆಯ ಬಾಳೂ ಒಮ್ಮೆಗೇ ದೊರೆಯುತ್ತವೆ. ಮೂರನೆಯದಾಗಿ, ಸರ್ಕಾರಿ ಮತ್ತು ಸಾರ್ವಜನಿಕ ಉದ್ಯಮಗಳ ಕ್ರೀಡಾ ಹುದ್ದೆಗಳು ವಿಲೀನದ ಗಾಳಿಯಲ್ಲಿ ಹಾರಿಹೋಗದಂತೆ ಕಾಪಾಡಬೇಕು. ಬೆಂಗಳೂರಿನ ಹೊಸ ಕಂಪನಿಗಳೂ ತಂಡಗಳನ್ನು ಕಟ್ಟಿ, ಆಟಗಾರರಿಗೆ ಕೆಲಸವನ್ನು ಕಲಿಸಿ, ಹಿಂದೆ ಬ್ಯಾಂಕುಗಳು ಮಾಡಿದ ಸೇವೆಯನ್ನು ಮುಂದುವರಿಸಬೇಕು. ನಾಲ್ಕನೆಯದಾಗಿ, ಯಾವ ಲೀಗೇ ಆಗಲಿ, ಆಟಗಾರನಿಗೆ ಗಾಯದ ವಿಮೆಯನ್ನೂ ಭವಿಷ್ಯನಿಧಿಯನ್ನೂ ಒದಗಿಸದೆ ಪಂದ್ಯಗಳನ್ನು ನಡೆಸಲು ಅನುಮತಿಯು ದೊರೆಯಬಾರದು. ಬಾಸ್ಟನ್ನಿನಲ್ಲಿ ಆ ಆಟಗಾರರು ಬಾಗಿಲು ಮುಚ್ಚಿಕೊಂಡು ಪಡೆದುದನ್ನು ನಮ್ಮ ಮಕ್ಕಳು ಬೇಡದೆಯೇ ಪಡೆಯುವಂತಾಗಲಿ.

ಬಡ ರಾಜ್ಯದಲ್ಲಿ ಚೆಂಡಾಟಕ್ಕೆ ಇಷ್ಟು ಹಣವೇಕೆ, ಆ ಹಣದಿಂದ ಕೆರೆಯ ಹೂಳನ್ನು ತೆಗೆಸಬಾರದೆ ಎಂದು ಕೇಳುವವರಿದ್ದಾರೆ. ಬರವನ್ನು ಬಲ್ಲ ಕೋಲಾರದವನಾದ ನಾನು ಆ ಪ್ರಶ್ನೆಯನ್ನು ಲಘುವಾಗಿ ಕಾಣಲಾರೆ. ಕೆರೆಯ ಹೂಳನ್ನು ತೆಗೆಸಲೇಬೇಕು. ಆದರೆ ಊರಿನ ತರುಣರ ಮೈಯಲ್ಲಿರುವ ಶಕ್ತಿಯೂ ಊರಿನ ನೀರಿನಂತೆಯೇ. ಅದಕ್ಕೆ ಕಟ್ಟೆಯಿಲ್ಲದಿದ್ದರೆ ಅದು ಎಲ್ಲಿಗೋ ಹರಿದು, ಯಾವುದೋ ಹಾಳು ಹಳ್ಳವನ್ನು ಸೇರುತ್ತದೆ. ಗಣಿಯು ನಡೆಯುತ್ತಿದ್ದ ಕಾಲದಲ್ಲಿ ಕೆ.ಜಿ.ಎಫ್.ನ ಮೈದಾನಗಳಲ್ಲಿ ಹಾಕಿ, ಫುಟ್‌ಬಾಲ್, ಬಾಕ್ಸಿಂಗ್‌ಗಳು ಮೆರೆದುವು. ಪಾತಾಳದಲ್ಲಿ ದುಡಿದು ಬಂದ ಕಾರ್ಮಿಕರು ಸಂಜೆಯ ಬಿಸಿಲಿನಲ್ಲಿ ಆಡಿ ಮನುಷ್ಯರಾಗಿ ಉಳಿದರು. ಆ ಪರಂಪರೆಯು ಗಣಿಯೊಡನೆಯೇ ಹೂತುಹೋಗಬಾರದು.

ಕ್ಯಾಸಂಬಳ್ಳಿಯ ಆ ತಂದೆಗೆ ನಾನು ಈಗ ಕೊಡುವ ಉತ್ತರವಿಷ್ಟು. ನಿಮ್ಮ ಮಗನು ಆಡಲಿ. ಹತ್ತು ವರ್ಷ, ಮೈಯಲ್ಲಿ ಬಲವಿರುವವರೆಗೆ, ಮನಸ್ಸಿಟ್ಟು ಆಡಲಿ. ಆದರೆ ಒಂದು ಕೈಯಲ್ಲಿ ಚೆಂಡಿರುವಾಗ ಮತ್ತೊಂದು ಕೈಯಲ್ಲಿ ಪುಸ್ತಕವಿರಲಿ, ಎನ್.ಬಿ.ಎ.ಯ ಕನಸು ಕಣ್ಣಲ್ಲಿರಲಿ, ರೈ‌ಲ್ವೆಯ ಅರ್ಜಿಯು ಜೇಬಿನಲ್ಲಿರಲಿ. ಅವನ ಆಟದಿಂದ ನಾಳೆ ಹೆಮ್ಮೆಪಡಲಿರುವ ನಾವು, ಅವನ ಆಟವು ಮುಗಿದ ಮರುದಿನದ ಬದುಕಿಗೂ ಇಂದೇ ಹೊಣೆಯಾಗೋಣ. ಗಣಿಯನ್ನು ಮುಚ್ಚಿದ ಊರಿನವರಾದ ನಾವು ಈ ಹೊಣೆಯನ್ನು ಮರೆತರೆ, ಕ್ಷಮೆಯನ್ನು ಕೇಳುವ ಅಧಿಕಾರವೂ ನಮಗಿರಲಾರದು.